ಕೊನೆಯ ಹೆಜ್ಜೆಯ ಅಂಜಿಕೆ

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ನಿವೃತ್ತ ದೈಹಿಕ ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ಆದವರೊಬ್ಬರು ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವ ಭಾಗ್ಯ ಒಬ್ಬ ಡ್ರಿಲ್ ಮಾಸ್ತರನಿಗೆ ದೊರೆಯುವುದು ಅಪರೂಪ. ಇಂಥ ಸಮಾರಂಭಗಳಲ್ಲಿ ಮಾತಿನ ಕೆಲಸ ಸಾಹಿತಿಗಳದು. ಸಾಲು ಹಿಡಿಸುವ, ಸೀಟಿ ಊದುವ ಕೆಲಸ ನಮ್ಮದು. ಆದರೂ ಸಂಸ್ಥೆಯವರು ಪ್ರೀತಿಯಿಂದ ಕರೆದಿದ್ದಾರೆ. ನಾನು ಈ ಶಾಲೆಯಲ್ಲಿ ಅಕ್ಷರ ಕಲಿತವನು. ಮುಂದೆ ಅಕ್ಕಲಕೋಟೆ ಮತ್ತು ದಕ್ಷಿಣ ಸೋಲಾಪುರ ತಾಲ್ಲೂಕುಗಳ ಊರುಗಳಲ್ಲಿ ಮಕ್ಕಳಿಗೆ ಓಟ, ಜಿಗಿತ ಕಲಿಸಿದವನು. ನನಗೆ ತಿಳಿದ ವಿಷಯವನ್ನೇ ಹೇಳುವೆನು. ಅದು ಪೋಲ್ ವಾಲ್ಟ್. ನಮ್ಮ ಭಾಗದಲ್ಲಿ ಮರಾಠಿಯವರ ಜೊತೆಗೆ ನಾವೂ ಅದನ್ನು ‘ಬಾಂಬೂ ಉಡಿ’ ಎಂದೇ ಕರೆಯುತ್ತ ಬಂದಿದ್ದೇವೆ. ಆ ಆಟದಲ್ಲಿ ಮನಸ್ಸಿಗೆ ಬೀಳುವ ತಡೆಯೊಂದಿದೆ. ಅದರ ಬಗ್ಗೆ ನಾನು ತಡವಾಗಿ ಕಲಿತ ಪಾಠವೊಂದನ್ನು ನಿಮ್ಮ ಮುಂದೆ ಇಡಬೇಕಾಗಿದೆ.

ಈ ಆಟವನ್ನು ನೋಡದವರಿಗಾಗಿ ಎರಡು ಮಾತು. ಆಟಗಾರನು ಉದ್ದನೆಯ ಕೋಲನ್ನು ಹಿಡಿದು ಸುಮಾರು 40 ಮೀಟರ್ ದೂರದಿಂದ ಓಡಿ ಬರುತ್ತಾನೆ. ಓಟದ ಕೊನೆಯಲ್ಲಿ ನೆಲದೊಳಗೆ ಇಳಿಜಾರಾಗಿ ಹೂಳಿದ ಪೆಟ್ಟಿಗೆ ಇರುತ್ತದೆ. ಅದರ ಆಳ ಕೇವಲ 20 ಸೆಂಟಿಮೀಟರ್. ಕೋಲಿನ ತುದಿಯನ್ನು ಅದರಲ್ಲಿ ಊರಿ, ಅದೇ ಕ್ಷಣದಲ್ಲಿ ನೆಲ ಬಿಟ್ಟು ಏಳಬೇಕು. ಓಟದ ವೇಗವೆಲ್ಲ ಕೋಲಿಗೆ ಸೇರಿ, ಕೋಲು ಆ ವೇಗವನ್ನು ಎತ್ತರವಾಗಿ ಆಟಗಾರನಿಗೆ ಮರಳಿ ಕೊಡುತ್ತದೆ. ನೋಡುವವರ ಕಣ್ಣು ಮೇಲಿನ ಅಡ್ಡಪಟ್ಟಿಯ ಮೇಲಿರುತ್ತದೆ. ಕಲಿಸುವವನ ಕಣ್ಣು ಆಟಗಾರನ ಕೊನೆಯ ಎರಡು ಹೆಜ್ಜೆಗಳ ಮೇಲಿರಬೇಕು. ಏಕೆಂದರೆ ಅಂಜಿಕೆ ಬರುವುದು ಎತ್ತರದಲ್ಲಲ್ಲ, ನೆಲದಲ್ಲಿ. ಚೆನ್ನಾಗಿ ಓಡಿ ಬಂದ ಹುಡುಗ ಕೊನೆಯ ಹೆಜ್ಜೆಯಲ್ಲಿ ಕೋಲನ್ನು ಊರದೆ, ಊರಿದರೂ ಏಳದೆ, ಹಾಗೆಯೇ ನಿಂತುಬಿಡುತ್ತಾನೆ. ನಿನ್ನೆ ಹತ್ತು ಸಲ ಹಾರಿದವನು ಇಂದು ಒಮ್ಮೆಯೂ ಏಳಲಾರನು. ತೋಳಿನಲ್ಲಿ ಶಕ್ತಿ ಇದೆ, ಕಾಲಿನಲ್ಲಿ ವೇಗ ಇದೆ, ಆದರೂ ದೇಹವು ಒಡೆಯನ ಮಾತು ಕೇಳುವುದಿಲ್ಲ.

ನನ್ನ ಶಿಕ್ಷಕ ವೃತ್ತಿಯ ಮೊದಲ ವರ್ಷಗಳಲ್ಲಿ ನಮ್ಮಲ್ಲಿ ಫೈಬರ್ ಕೋಲು ಇರಲಿಲ್ಲ, ಗಾದಿ ಇರಲಿಲ್ಲ. ಗಟ್ಟಿ ಬಿದಿರು, ಉಸುಕಿನ ತಗ್ಗು, ಎರಡು ಕಂಬ, ನಡುವೆ ಒಂದು ಹಗ್ಗ, ಇಷ್ಟೇ. ಬಿದಿರನ್ನು ಕೀಳೆನ್ನುವಂತಿಲ್ಲ. 1940ರಲ್ಲಿ ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ ಎಂಬವರು 15 ಅಡಿಯ ಎತ್ತರವನ್ನು ಜಗತ್ತಿನಲ್ಲಿ ಮೊದಲ ಬಾರಿಗೆ ದಾಟಿದ್ದು ಬಿದಿರಿನ ಕೋಲಿನಿಂದಲೇ. 1942ರಲ್ಲಿ ಅವರು ಏರಿದ್ದು 4.77 ಮೀಟರ್. ಅಂಥ ಕಥೆಗಳನ್ನು ಹೇಳಿ ನಾನು ಹುಡುಗರನ್ನು ಹುರಿದುಂಬಿಸುತ್ತಿದ್ದೆ.

ಆಗ ನನ್ನ ಕೈಯಲ್ಲಿ ಒಬ್ಬ ಹುಡುಗನಿದ್ದ. ಜೋಳದ ಹೊಲದಲ್ಲಿ ಕೂಲಿಗೆ ಹೋಗುವ ತಾಯಿತಂದೆಯರ ಮಗ. ಸರಾವಿನಲ್ಲಿ ಎಲ್ಲರಿಗಿಂತ ಮೇಲೆ ಹಾರುತ್ತಿದ್ದ. ತಾಲ್ಲೂಕಿನಲ್ಲಿ ಗೆದ್ದ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಎಸ್.ಟಿ. ಬಸ್ಸಿನ ಮೇಲೆ ಬಿದಿರು ಕಟ್ಟಿಕೊಂಡು ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಹೋದೆವು. ಪಂದ್ಯದ ಮೊದಲ ಎತ್ತರ ಅವನಿಗೆ ಆಟದ ಮಾತು. ಓಡಿ ಬಂದ, ನಿಂತ. ಎರಡನೆಯ ಸಲ ಓಡಿ ಬಂದ, ನಿಂತ. ನನ್ನ ಕಡೆಗೆ ನೋಡಿ, “ಸರ, ಕಾಲ ಏಳವಲ್ದ್ರೀ” ಎಂದ. ಮೂರನೆಯ ಸಲವೂ ಕಾಲು ಏಳಲಿಲ್ಲ. ಹತ್ತು ಶಾಲೆಗಳ ಮಕ್ಕಳ ಎದುರಿನಲ್ಲಿ ನಾನು ಅವನಿಗೆ “ಅಂಜುಬುರುಕ” ಎಂದು ಕೂಗಿದೆ. ಕೆಲವರು ನಕ್ಕರು. ಮರಳಿ ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದ. ಆ ಬಳಿಕ ಮೈದಾನಕ್ಕೆ ಬರಲಿಲ್ಲ. ವರ್ಷ ಮುಗಿಯುವುದರೊಳಗೆ ಶಾಲೆಯನ್ನೂ ಬಿಟ್ಟ. ಬಡತನದಿಂದ ಬಿಟ್ಟನೆಂದು ನಾವು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದೆವು. ನಾನೂ ಹಾಗೆಯೇ ನಂಬಿಕೊಂಡೆ.

ಎಷ್ಟೋ ವರ್ಷಗಳ ಮೇಲೆ, ಮಕರ ಸಂಕ್ರಮಣದ ಕಾಲಕ್ಕೆ ಸೋಲಾಪುರದಲ್ಲಿ ಶ್ರೀ ಸಿದ್ಧರಾಮೇಶ್ವರರ ಜಾತ್ರೆ ನೋಡಲು ನಿಂತಿದ್ದೆ. ಏಳು ನಂದಿಧ್ವಜಗಳು ಊರ ಸುತ್ತಲಿನ 68 ಲಿಂಗಗಳ ದರ್ಶನಕ್ಕೆ ಹೊರಡುವ ಆ ವೈಭವವನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ. ಬಿಳಿಯ ಬಾರಾಬಂದಿ ತೊಟ್ಟವರ ನಡುವೆ, ಆಕಾಶಕ್ಕೆ ನಿಂತ ಆ ಭಾರದ ಕೋಲನ್ನು ಹೊತ್ತು ಒಬ್ಬನು ಬರುತ್ತಿದ್ದ. ಕೋಲನ್ನು ಮುಂದಿನವನಿಗೆ ಒಪ್ಪಿಸಿ, ಬೆವರು ಒರೆಸಿಕೊಂಡು, ನನ್ನ ಬಳಿಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿದ. “ಗುರ್ತ ಸಿಗ್ತೇನ್ರಿ ಸರ?” ಎಂದ. ಸಿಕ್ಕಿತು.

ನಾನು ತಡೆಯಲಾರದೆ ಕೇಳಿದೆ: “ಇಷ್ಟು ದೊಡ್ಡ ಕೋಲು ಹೊರುವವನಿಗೆ ಅಂದು ಏನಾಗಿತ್ತಪ್ಪ?”

ಅವನು ನಕ್ಕು ಹೇಳಿದ: “ನಾ ಅಂಜಿದ್ದು ಕೋಲಿಗಲ್ರಿ ಸರ. ಎರಡ ದಿನಾ ಮೊದಲ ಸರಾವ ಮಾಡುಮುಂದ ತಗ್ಗಿನ ಅಂಚಿಗಿ ಬೆನ್ನ ಬಡದಿತ್ತರಿ. ನಿಮಗ ಹೇಳಿದ್ರ ಪಂದ್ಯದಾಗಿಂದ ಹೆಸರ ತೆಗೀತೀರಿ ಅಂತ ಹೇಳ್ಲಿಲ್ರಿ. ಓಡಿ ಬಂದ್ಕೂಡ್ಲೆ ಬೆನ್ನಿಗಿ ಅದ ನೆನಪಾಗ್ತಿತ್ತು.”

ಬಳಿಕ ಅವನೇ ಮುಂದುವರಿದು, ನಂದಿಧ್ವಜದ ಸರಾವು ಹೇಗೆ ನಡೆಯುತ್ತದೆಂದು ಹೇಳಿದ. ಜಾತ್ರೆಗೆ ಬಹಳ ಮೊದಲೇ ಹಿರಿಯರು ಹೊಸಬರನ್ನು ತಯಾರು ಮಾಡುತ್ತಾರೆ. ಹೊತ್ತವನ ಸುತ್ತಲೂ ಜನ ನಿಂತಿರುತ್ತಾರೆ. “ಕೈ ನಡುಗಿದ್ರ ಹೇಳು ಅಂತಾರ್ರಿ ನಮಗ. ಹೇಳಿದಂವಗ ಯಾರೂ ನಗೂದಿಲ್ಲ. ಇನ್ನೊಬ್ಬಂವ ಬಂದು ಹಿಡೀತಾನ.” ಅವನು ಇದನ್ನು ನನ್ನನ್ನು ಚುಚ್ಚುವುದಕ್ಕಾಗಿ ಹೇಳಲಿಲ್ಲ. ಆದರೆ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಡುಗುವ ಕೈಯನ್ನು ಕುರಿತು ಹೇಳಿಕೊಳ್ಳಲು ಜಾತ್ರೆಯ ಬಯಲಿನಲ್ಲಿ ಅವನಿಗೆ ಅವಕಾಶವಿತ್ತು. ನನ್ನ ಮೈದಾನದಲ್ಲಿ ಇರಲಿಲ್ಲ.

ಮಹನೀಯರೇ, ಇಲ್ಲಿಂದ ನನ್ನ ನಿಜವಾದ ಕಲಿಕೆ ಆರಂಭವಾಯಿತು. ಅಂಜಿಕೆ ಹೇಡಿತನವಲ್ಲ, ಅದು ದೇಹವು ಕೊಡುವ ಸೂಚನೆ. ಕೆಲವು ಸಲ ಆ ಸೂಚನೆ ಸರಿಯಾಗಿಯೇ ಇರುತ್ತದೆ: ತಗ್ಗಿನ ಅಂಚು ಗಟ್ಟಿಯಾಗಿದೆ, ಗಾದಿ ಸರಿದಿದೆ, ಕೋಲು ಅವನ ತೂಕಕ್ಕೆ ಹೊಂದುವುದಿಲ್ಲ. ಆಗ ಧೈರ್ಯ ಹೇಳುವುದು ತಪ್ಪು, ಗಾದಿಯನ್ನು ಸರಿಪಡಿಸುವುದೇ ಕರ್ತವ್ಯ. ಕೆಲವು ಸಲ ಅಪಾಯ ಹೋಗಿರುತ್ತದೆ, ಸೂಚನೆ ಮಾತ್ರ ಉಳಿದಿರುತ್ತದೆ. ಆಗ ಮನಸ್ಸಿನ ಚಿಕಿತ್ಸೆ ಬೇಕು. ಎರಡರಲ್ಲಿ ಯಾವುದೆಂದು ತಿಳಿಯಬೇಕಾದರೆ ಮಗು ಬಾಯಿ ಬಿಡಬೇಕು. ಗದರಿಸುವವನ ಎದುರಿಗೆ ಮಗು ಬಾಯಿ ಬಿಡುವುದಿಲ್ಲ.

ಜಗತ್ತಿನ ಮೇರು ಆಟಗಾರರೂ ಈ ಬಾಗಿಲಿನಿಂದಲೇ ಹಾದು ಬಂದವರು. ಉಕ್ರೇನಿನ ಸೆರ್ಗೆಯ್ ಬುಬ್ಕಾ 35 ಸಲ ವಿಶ್ವದಾಖಲೆ ಬರೆದವರು. 1983ರಿಂದ 1997ರವರೆಗೆ ಸತತ ಆರು ವಿಶ್ವ ಚಾಂಪಿಯನ್‌ಶಿಪ್‌ಗಳನ್ನು ಗೆದ್ದವರು. ಅಂಥವರು 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಒಂದು ಎತ್ತರವನ್ನೂ ದಾಟಲಾಗದೆ ಮರಳಿದರು. ಎರಡು ವರ್ಷಗಳ ಬಳಿಕ 6.14 ಮೀಟರ್ ಏರಿದರು. ರಷ್ಯಾದ ಎಲೆನಾ ಇಸಿನ್‌ಬಯೇವಾ 2009ರ ಆಗಸ್ಟಿನಲ್ಲಿ ಬರ್ಲಿನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬರಿಗೈಯಲ್ಲಿ ನಿಂತು ಅತ್ತರು. ಅದೇ ತಿಂಗಳು ಜ್ಯೂರಿಚ್‌ನಲ್ಲಿ 5.06 ಮೀಟರ್ ಹಾರಿ ವಿಶ್ವದಾಖಲೆ ಮಾಡಿದರು. ಜಿಮ್ನಾಸ್ಟಿಕ್ಸ್‌ನ ಸಿಮೋನ್ ಬೈಲ್ಸ್ ಟೋಕಿಯೋದಲ್ಲಿ, ಗಾಳಿಯಲ್ಲಿ ತಿರುಗುವಾಗ ತನಗೆ ದಿಕ್ಕು ತಿಳಿಯುತ್ತಿಲ್ಲವೆಂದು ಎಲ್ಲರೆದುರು ಹೇಳಿ ಹಿಂದೆ ಸರಿದರು. ಮೂರು ವರ್ಷಗಳ ಬಳಿಕ 2024ರ ಪ್ಯಾರಿಸ್ಸಿನಲ್ಲಿ ಮೂರು ಚಿನ್ನದ ಪದಕ ಗೆದ್ದರು. ಇವರು ಸೋಲಲಿಲ್ಲವೆಂದು ನಾನು ಹೇಳುತ್ತಿಲ್ಲ. ಸೋತರು, ಆದರೆ ಮರಳಿ ಬರುವ ದಾರಿ ಅವರಿಗೆ ತೆರೆದಿತ್ತು. ನನ್ನ ಹುಡುಗನಿಗೆ ಆ ದಾರಿಯನ್ನು ನಾನು ಮುಚ್ಚಿದ್ದೆ.

ಈ ಆಟದ ನಿಯಮಗಳನ್ನು ಓದಿದರೆ, ಅವು ನನಗಿಂತ ಹೆಚ್ಚು ದಯೆಯುಳ್ಳವೆಂದು ತೋರುತ್ತದೆ. ಪ್ರತಿ ಎತ್ತರಕ್ಕೆ ಮೂರು ಅವಕಾಶ. ಒಂದು ಎತ್ತರ ಬೇಡವೆನಿಸಿದರೆ ಬಿಟ್ಟು ಮುಂದಿನದಕ್ಕೆ ಹೋಗಬಹುದು. ಓಡಿ ಬಂದು ನಿಂತರೂ, ಪೆಟ್ಟಿಗೆಯ ಆಚೆಯ ನೆಲವನ್ನು ಮೈಯಾಗಲಿ ಕೋಲಾಗಲಿ ಮುಟ್ಟದಿದ್ದರೆ, ಕೊಟ್ಟ ಸಮಯ ತೀರುವುದರೊಳಗೆ ಹಿಂದೆ ಹೋಗಿ ಮತ್ತೆ ಓಡಬಹುದು. ಹಿಂದಕ್ಕೆ ಹೋಗುವುದನ್ನು ನಿಯಮವೇ ತಪ್ಪೆಂದು ಎಣಿಸುವುದಿಲ್ಲ. ನಿರ್ಣಾಯಕರ ಹಾಳೆಯನ್ನು ನೋಡಿರಿ: ವಿಫಲ ಯತ್ನಕ್ಕೆ ಗುಣಾಕಾರದ ಚಿಹ್ನೆ, ಬಿಟ್ಟ ಯತ್ನಕ್ಕೆ ಅಡ್ಡಗೆರೆ, ದಾಟಿದ ಯತ್ನಕ್ಕೆ ಸೊನ್ನೆ. ಪರೀಕ್ಷೆಯ ಹಾಳೆಯಲ್ಲಿ ಸೊನ್ನೆ ಕಂಡು ಅಳುವ ಮಕ್ಕಳೇ, ಈ ಹಾಳೆಯಲ್ಲಿ ಸೊನ್ನೆಯೇ ಗೆಲುವು. ಇನ್ನೊಂದು ವಿಚಿತ್ರವನ್ನೂ ಗಮನಿಸಿರಿ. ಗೆದ್ದವನು ತಾನಾಗಿ ಆಟ ನಿಲ್ಲಿಸದಿದ್ದರೆ ಅವನ ಸಾಲೂ ಮೂರು ಗುಣಾಕಾರದ ಚಿಹ್ನೆಗಳಿಂದಲೇ ಮುಗಿಯುತ್ತದೆ. ಕೊನೆಗೆ ಎಲ್ಲರ ಅಡ್ಡಪಟ್ಟಿಯೂ ಬೀಳುತ್ತದೆ. ಎಷ್ಟು ಎತ್ತರದಲ್ಲಿ ಬಿತ್ತು ಎಂಬುದಷ್ಟೇ ವ್ಯತ್ಯಾಸ.

ಆ ಜಾತ್ರೆಯ ಮರುವರ್ಷದಿಂದ ನಾನು ಕಲಿಸುವ ರೀತಿಯನ್ನು ಬದಲಿಸಿದೆ. ಇಲ್ಲಿರುವ ತರುಣ ಶಿಕ್ಷಕರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಮೊದಲನೆಯದು, ಮಗು ನಿಂತಾಗ ಬೈಯುವುದನ್ನು ಬಿಟ್ಟು ಕೇಳುವುದು: ಎಲ್ಲಿಯಾದರೂ ಪೆಟ್ಟಾಗಿದೆಯೇ, ಏನು ಕಂಡಿತು, ಯಾವ ಹೆಜ್ಜೆಯಲ್ಲಿ ಮನಸ್ಸು ಹಿಂಜರಿಯಿತು. ಎರಡನೆಯದು, ಬೀಳುವ ಜಾಗವನ್ನು ಮಗುವಿನ ಕಣ್ಣೆದುರಿಗೆ ನಾನೇ ಪರೀಕ್ಷಿಸುವುದು. ಮೂರನೆಯದು, ಅಡ್ಡಪಟ್ಟಿಯನ್ನು ತೆಗೆದುಬಿಡುವುದು. ಪಟ್ಟಿ ಇಲ್ಲದಾಗ ಬೀಳಿಸುವ ಭಯವೂ ಇಲ್ಲ. ಬಳಿಕ ಓಟವನ್ನು ಕಿರಿದು ಮಾಡುವುದು: ನಾಲ್ಕು ಹೆಜ್ಜೆ, ಕೈಹಿಡಿತ ಕೆಳಗೆ, ಬರಿದೆ ಕೋಲು ಊರಿ ತೂಗಿಕೊಂಡು ಗಾದಿಗೆ ಇಳಿಯುವುದು. ಅದು ಬೇಸರವಾಗುವಷ್ಟು ಸುಲಭವಾದಾಗ ಆರು ಹೆಜ್ಜೆ, ಮುಂದೆ ಎಂಟು. ತಡೆ ಮತ್ತೆ ಬಂದ ದಿನ ನಾಚದೆ ಎರಡು ಹೆಜ್ಜೆ ಕಡಿಮೆ ಮಾಡುವುದು. ಓಡುವಾಗ ‘ಬೀಳಬೇಡ, ನಿಲ್ಲಬೇಡ’ ಎಂದುಕೊಂಡರೆ ಮನಸ್ಸು ಬೀಳುವುದನ್ನೇ ಚಿತ್ರಿಸಿಕೊಳ್ಳುತ್ತದೆ. ಆದ್ದರಿಂದ ಮಾಡಬೇಕಾದ ಒಂದೇ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಿಕೊಳ್ಳುವುದು: ‘ಕೈ ಮೇಲೆ’. ಕೊನೆಯದಾಗಿ, ಪ್ರತಿ ಯತ್ನಕ್ಕೂ ಮೊದಲು ಒಂದೇ ಕ್ರಮ: ಗುರುತಿನ ಮೇಲೆ ನಿಲ್ಲುವುದು, ಒಂದು ದೀರ್ಘ ಉಸಿರು, ಹೆಜ್ಜೆಯ ಎಣಿಕೆ, ಓಟ. ದೇಹಕ್ಕೆ ಪರಿಚಿತವಾದದ್ದು ಕಂಡರೆ ಅದು ಬೆದರುವುದಿಲ್ಲ.

ಇದರಿಂದ ಪವಾಡವಾಯಿತೆಂದು ತಿಳಿಯಬೇಡಿರಿ. ನನ್ನ ನಿವೃತ್ತಿಗೆ ಕೆಲವು ವರ್ಷ ಮೊದಲು ಒಬ್ಬ ಹುಡುಗಿ ಕೋಲು ಹಿಡಿದಳು. ಒಲಿಂಪಿಕ್ಸಿನಲ್ಲಿ ಮಹಿಳೆಯರಿಗೆ ಈ ಆಟ ದೊರೆತದ್ದೇ 2000ದಲ್ಲಿ; ನಮ್ಮ ಊರುಗಳಲ್ಲಿ ಹುಡುಗಿ ಕೋಲು ಹಿಡಿದರೆ ನೋಡಲು ಜನ ಕೂಡುತ್ತಿದ್ದರು. ಜಿಲ್ಲಾ ಪಂದ್ಯದಲ್ಲಿ ಅವಳೂ ಎರಡು ಸಲ ಓಡಿ ಬಂದು ನಿಂತಳು. ಎರಡೂ ಯತ್ನ ಕಳೆದವು. ನನ್ನ ಕಡೆಗೆ ನೋಡಿದಳು. ಹಳೆಯ ದಿನ ನನ್ನ ಕಣ್ಣ ಮುಂದೆ ಬಂತು. “ಹಿಂದಕ್ಕ ಬಾ ತಾಯಿ, ಆರ ಹೆಜ್ಜಿ ಸಾಕು” ಎಂದೆ. ಎಲ್ಲರೂ ಉದ್ದ ಓಟ ಓಡುವಲ್ಲಿ ಅವಳು ಆರು ಹೆಜ್ಜೆಯಿಂದ ಓಡಿದಳು. ಯಾರೋ ನಕ್ಕರು. ಅವಳು ಕೋಲು ಊರಿ ಎದ್ದಳು, ಪಟ್ಟಿ ಅಲುಗಾಡಿ ಅಲ್ಲಿಯೇ ನಿಂತಿತು. ಮುಂದಿನ ಎತ್ತರವನ್ನು ಅವಳು ದಾಟಲಿಲ್ಲ, ಪದಕವೂ ಬರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬಂದಳು. ನನ್ನ ವೃತ್ತಿಯಲ್ಲಿ ನಾನು ಗೆದ್ದ ದೊಡ್ಡ ಪದಕ ಅದೇ.

ತಡೆ ಒಬ್ಬರಿಗೆ ಮಾತ್ರವಲ್ಲ, ಇಡೀ ಸಮುದಾಯಕ್ಕೂ ಬೀಳಬಹುದು. 1987ರಲ್ಲಿ ವಿಜಯ್ ಪಾಲ್ ಸಿಂಗ್ ಏರಿದ 5.10 ಮೀಟರ್ ಮೂರು ದಶಕಗಳ ಕಾಲ ಭಾರತದ ಕೊನೆಯ ಎತ್ತರವಾಗಿ ನಿಂತಿತ್ತು. 2022ರ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಶಿವ ಸುಬ್ರಮಣಿ 5.31 ಮೀಟರ್ ಹಾರಿದರು. ಅದೇ ಕೂಟದಲ್ಲಿ ರೋಸಿ ಮೀನಾ ಪಾಲ್‌ರಾಜ್ ಮಹಿಳೆಯರ ದಾಖಲೆಯನ್ನು 4.20 ಮೀಟರಿಗೆ ಏರಿಸಿದರು. ಎತ್ತರ ಜಿಗಿತದಲ್ಲಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರು ಎಡಗಾಲಿನ ಊನವಿದ್ದೂ 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ 1.74 ಮೀಟರ್ ಜಿಗಿದು ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. ತಮ್ಮ ಕಾಲಿಗೆ ಒಗ್ಗುವ ಓಟವನ್ನು ಅವರು ಕಂಡುಕೊಂಡರು. ಬೇರೆಯವರ ಹೆಜ್ಜೆಯನ್ನು ಎಣಿಸುತ್ತ ಕುಳಿತಿದ್ದರೆ ಅದು ಆಗುತ್ತಿರಲಿಲ್ಲ.

ಪಾಲಕರೇ, ನಮ್ಮ ಮಕ್ಕಳಿಗೆ ಇನ್ನೊಂದು ಪಂದ್ಯವೂ ಇದೆ. ಅದಕ್ಕೆ ಕೋಲು ಬೇಕಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಮೇಲಿನ ತರಗತಿಯಲ್ಲಿ ಇಂಗ್ಲಿಷ್. ಹತ್ತನೆಯ ತರಗತಿಯವರೆಗೆ ಚೆನ್ನಾಗಿ ಓದಿದ ಮಗು ಸೋಲಾಪುರದ ಇಲ್ಲವೆ ಪುಣೆಯ ಕಾಲೇಜಿನ ಮೊದಲ ದಿನ ಎದ್ದು ನಿಂತು ಹೆಸರು ಹೇಳಲೂ ತಡವರಿಸುತ್ತದೆ. ಅದಕ್ಕೆ ವಿಷಯ ತಿಳಿದಿದೆ. ಕೊನೆಯ ಹೆಜ್ಜೆಯಲ್ಲಿ ಮಾತು ಏಳುವುದಿಲ್ಲ. ಇದೂ ಅದೇ ತಡೆ. ಕನ್ನಡದಲ್ಲಿ ಓದಿದ್ದರಿಂದ ಹೀಗಾಯಿತೆಂದು ನಾವು ಶಾಲೆಯನ್ನು ದೂರುತ್ತೇವೆ. ಆದರೆ ನಮ್ಮ ಸೋಲಾಪುರದವರೇ ಆದ ಜಯದೇವಿತಾಯಿ ಲಿಗಾಡೆಯವರನ್ನು ನೆನೆಯಿರಿ. ಅವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ಬಳಿಕ ಸ್ವಂತ ಪ್ರಯತ್ನದಿಂದ ಕಲಿತರು. ಕಲಿತು, ಸಿದ್ಧರಾಮೇಶ್ವರರ ಚರಿತ್ರೆಯನ್ನು ಕನ್ನಡದಲ್ಲಿ ಮಹಾಕಾವ್ಯವಾಗಿ ಬರೆದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು; ಆ ಪೀಠವೇರಿದ ಮೊದಲ ಮಹಿಳೆ ಅವರು. ಮರಾಠಿಯಿಂದ ಕನ್ನಡಕ್ಕೆ ಆ ತಾಯಿ ದಾಟಿದಂತೆ, ಕನ್ನಡದಿಂದ ಇನ್ನಾವ ಭಾಷೆಗಾದರೂ ನಮ್ಮ ಮಗು ದಾಟಬಲ್ಲದು. ಮೊದಲು ನಾಲ್ಕು ಹೆಜ್ಜೆಯ ಓಟ ಸಾಕು. ತಪ್ಪು ಮಾತನಾಡಿದಾಗ ನಗದಿರುವ ಜನ ಸುತ್ತಲೂ ಬೇಕು.

ಶಾಲೆಯ ಎರಡನೆಯ ಶತಮಾನಕ್ಕಾಗಿ ನನ್ನ ವಿನಂತಿಗಳು ಮೂರು. ಹಳೆಯ ವಿದ್ಯಾರ್ಥಿಗಳಲ್ಲಿ: ಶಾಲೆಗೆ ದೇಣಿಗೆ ಕೊಡುವಾಗ ಹೆಸರಿನ ಫಲಕಕ್ಕಿಂತ ಮೊದಲು, ಮಕ್ಕಳು ಬಿದ್ದರೆ ನೋಯದಂಥ ಒಂದು ಒಳ್ಳೆಯ ಗಾದಿ ಕೊಡಿಸಿರಿ, ಅದು ಬರುವವರೆಗೆ ಯಾವ ಮಗುವಿನ ಕೈಗೂ ಕೋಲು ಕೊಡಬಾರದು. ಪಾಲಕರಲ್ಲಿ: ಪಂದ್ಯ ಮುಗಿಸಿ ಬಂದ ಮಗುವಿಗೆ ‘ಎಷ್ಟನೆಯ ನಂಬರ್’ ಎಂದು ಬಾಗಿಲಲ್ಲೇ ಕೇಳಬೇಡಿರಿ, ಊಟಕ್ಕೆ ಬಡಿಸಿ, ‘ಹೇಗಾಯಿತು’ ಎಂದು ಕೇಳಿರಿ. ಗುರುಬಂಧುಗಳಲ್ಲಿ: ಮಗು ಕೊನೆಯ ಹೆಜ್ಜೆಯಲ್ಲಿ ನಿಂತಾಗ ನಿಮ್ಮ ಬಾಯಿಗೆ ಬರುವ ಮೊದಲ ಮಾತನ್ನು ನುಂಗಿಕೊಳ್ಳಿರಿ. ನಾನು ನುಂಗಿಕೊಳ್ಳಲಿಲ್ಲ. ಆ ಒಂದು ಮಾತಿನ ಬೆಲೆಯನ್ನು ಒಬ್ಬ ಹುಡುಗ ತೆತ್ತ.

ಅಂದು ಜಾತ್ರೆಯಲ್ಲಿ ನಾನು ಅವನ ಕ್ಷಮೆ ಕೇಳಿದೆ. ಅವನು ನನ್ನ ಎರಡೂ ಕೈ ಹಿಡಿದು, “ನಡೀರಿ ಸರ, ಪ್ರಸಾದ ತಗೊಂಡ ಹೋಗ್ರಿ” ಎಂದು ಕರೆದುಕೊಂಡು ಹೋದ. ಅವನ ಮಗಳು ಈಗ ಕನ್ನಡ ಶಾಲೆಯೊಂದರಲ್ಲಿ ಓದುತ್ತಿದ್ದಾಳೆ. ಅವಳು ಓಡಿ ಬಂದು ನಿಲ್ಲುವ ದಿನವೂ ಬಂದೀತು. ಆ ದಿನ ಅವಳ ಬಳಿ ನಿಂತಿರುವ ಗುರು ನನಗಿಂತ ಒಳ್ಳೆಯವನಾಗಿರಲಿ ಎಂದು ಸಿದ್ಧರಾಮೇಶ್ವರರಲ್ಲಿ ಬೇಡಿಕೊಳ್ಳುತ್ತೇನೆ.